ಸರಾಸರಿ ಬಿಲ್ಲು

ನಮ್ಮ ಮೀಟರಿನ ಗಾಜಿನಾಗ
ಎರಡು ವರ್ಷಾತು, ಅಂಕಿ ಕಾಣವಲ್ವು.
ಬಿಲ್ಲಿನ ಹುಡುಗ ಬರ್ತಾನ, ಬಾಗಿ ನೋಡ್ತಾನ,
ಕಂದು ಮೇಣ, ಅದರ ಮ್ಯಾಲ ಕಪ್ಪು ರಾಳ.
"ಸರಾಸರಿ ಬರದೀನ್ರಿ" ಅಂದು ಚೀಟಿ ಹರದು ಕೊಡ್ತಾನ.
ಚೀಟಿ ಮ್ಯಾಲ ಇನ್ನೂ ಅತ್ತಿ ಹೆಸರು:
ಗುಂಡಮ್ಮ ಗಂಡ ಸಾಯಿಬಣ್ಣ,
ಬ್ರಹ್ಮಪುರ, ಕಲಬುರಗಿ.

ಪೆಟ್ಟಿಗಿ ಸಾಗವಾನಿದು. ಒಳಗ ಮೀಟರು,
ಮೀಟರಿನ ಸುತ್ತ ಇವು.
ಬಾಗಿಲಂದ್ರ ಒಂದು ಮೇಣದ ಕೊಳವಿ, ಕಿರುಬೆರಳಷ್ಟು,
ಅದರ ಬಾಯಾಗ ಏಳೆಂಟು ಕಾವಲಿನವು
ಹೊರಗ ಮುಖ ಮಾಡಿ ನಿಂತಾವ ಸಂಜಿತನ.
ಸಿಟ್ಟು ಬಂದ್ರ ಕೂದಲಾಗ ಸಿಕ್ಕೊಂಡು ಗುಂಯ್‌ಗುಡ್ತಾವ, ಅಷ್ಟ.
ಸೂಜಿ ಇಲ್ಲ ಅವಕ್ಕ.
ಸೂಜಿ ಇರಾಕಿ ಈ ಮನ್ಯಾಗ ನಾ ಒಬ್ಬಾಕೀನ,
ಪೆಟ್ಟಿಗಿ ಕೆಳಗ ಮಷಿನ್ ಹಾಕ್ಕೊಂಡು ಕುಂತಾಕಿ.

ಜಂಪರ್ ಹೊಲಿಸ್ಲಾಕ ಬಂದ ಕೃಷಿ ಕಾಲೇಜಿನ ಹುಡುಗಿ
"ಇವು ಮುಜಂಟಿ" ಅಂದ್ಳು. ಅತ್ತಿ ಒಪ್ಪಲಿಲ್ಲ.
"ಸಾಸಿವಿ ನೊಣ" ಅಂದ್ಳು.
ಸಾಸಿವೀನ ಆದ್ವು.

ಅತ್ತಿಗೂ ನನಗೂ ಮಾತು ನಿಂತು ನಾಕು ವರ್ಷಾಗಿತ್ತು.
ಕಾರಣ ಸಣ್ಣದು, ಹೇಳಿದ್ರ ನಗ್ತೀರಿ.
ರೊಟ್ಟಿ ಬಡದು ಬುಟ್ಟ್ಯಾಗಿಟ್ರ ತಿಂತಿದ್ಳು,
ಜಂಪರ್ ಹೊಲದು ಮಡಚಿಟ್ರ ತೊಡ್ತಿದ್ಳು.
ಆದ್ರ ಮುಂಜಾನೆ ಕಟ್ಟಿಗಿ ಬಂದು ಕುಂತು
ಗೋಡಿಗಿ ಹೇಳ್ದಂಗ ಹೇಳ್ತಿದ್ಳು:
"ಇವತ್ತ ಕಾಲಾಗ ಹಳದಿ ತಂದಾವ. ಎಲ್ಲೋ ನುಗ್ಗಿ ಹೂ ಬಿಟ್ಟದ."
ನಾನೂ ಮಷಿನಿಗಿ ಹೇಳ್ದಂಗ:
"ಇರಿವಿ ಏರ್ಲತ್ತಾವ. ಸುತ್ತ ಔಡಲೆಣ್ಣಿ ಹಚ್ಚಬೇಕು."
ಮರುದಿನ ನೋಡಿದ್ರ ಹಚ್ಚಿದ್ದಿರ್ತಿತ್ತು.

ಬ್ಯಾಸಗ್ಯಾಗ, ಊರೇ ಹಂಚಿನಂಗ ಕಾದಾಗ,
ಹಸಿ ಗೋಣಿಚೀಲ ತಂದು ಪೆಟ್ಟಿಗಿ ಮ್ಯಾಲ ಹೊದಿಸ್ಲಾಕ ಹೋದ್ಳು.
"ಯವ್ವಾ, ಕರೆಂಟಿನ ಪೆಟ್ಟಿಗಿ!" ಮಗ ಒದರಿದ.
ಮರುದಿನದಿಂದ ಮೊರ ಕಟ್ಟಿ ನೆರಳು ಮಾಡಿದ್ಳು.
ತೊಗರಿ ಹೊಲ ರಿಂಗ್ ರೋಡಿನಾಚಿ, ಅಷ್ಟು ದೂರ ಹಾರವಲ್ವು,
ಗಲ್ಲಿ ಬೇವು, ಮಸೂತಿ ಅಂಗಳದ ಬಾರಿ, ಇಷ್ಟರಾಗ ಬದುಕು.

ಒಮ್ಮೆ ಮಾತ್ರ ಜೇನು ತೆಗದೀವಿ. ಚಮಚ ಒಂದೂವರಿ.
ಹುಳಿ ಇತ್ತು.
"ಛೀ, ಕೆಟ್ಟದ" ಅಂದ್ಳು ಅತ್ತಿ,
ಅಂದು, ಮತ್ತ ಬೆರಳು ಚಾಚಿದ್ಳು.
ಆ ಬೆರಳಿಗಿ ಹಚ್ಚಿದಾಕಿ ನಾನು.

ಆಕಿ ಹೋದ ಎಂಟು ತಿಂಗಳಿಗಿ
ಲೈನ್‌ಮನ್ ಚಾಂದಪಾಷಾ ಹೊಸ ಮೀಟರ್ ತಂದ.
ಹಳೇದು ಆಫೀಸಿಗಿ ಜಮಾ ಆಗಬೇಕು.
"ಹೊತ್ತು ಮುಳುಗಲಿ, ಎಲ್ಲಾ ಒಳಗ ಬರ್ತಾವ" ಅಂದೆ.
ಕುಂತ. ಚಾ ಕುಡದ. ಕತ್ತಲಾತು.
ಬ್ಯಾಟರಿ ಓರಿ ಹಿಡದು, ರಾಳದೊಳಗಿಂದ
ಒಂದೊಂದೇ ಅಂಕಿ ಓದಿದ:
"ನಾಕು... ಒಂಬತ್ತು... ಎರಡು...
ಮುಂದಿಂದರ ಮ್ಯಾಲ ಜೇನಿನ ಗಡಗಿ ಕುಂತದ ನೋಡವ್ವ."
ಗುಂಡಗಿತ್ತು.
"ಸೊನ್ನಿ ಅಂತ ಬರಕೋತೀನಿ."

ವಾಯರ್ ಕಡದ. ಮೀಟರಿಗಿ ಕೈ ಹಾಕಿ, ತೆಗದ.
"ಬಿಡಿಸಿದ್ರ ಗಡಗಿ ಎಲ್ಲಾ ಒಡಿತಾವ."
"ಪೆಟ್ಟಿಗೀನ ಬ್ಯಾರೆ ಕಡಿ..."
"ಗೇಣು ಸರಿಸಿದ್ರೂ ಮನಿ ಮರೀತಾವಣ್ಣ, ಹಳೇ ಜಾಗಕ್ಕ ಬಂದು ಸುತ್ತತಾವ."
ತಲಿ ಕೆರಕೊಂಡ. ಕೂದಲಾಗ ಒಂದು ಸಿಕ್ಕಿತ್ತು.
"ಮುಂದಿನ ವಾರ ಒಯ್ತೀನಿ" ಅಂದ.
ಆ ಮುಂದಿನ ವಾರ ಹನ್ನೊಂದು ವಾರ ಆಗ್ಯದ.
ಹಾದಿ ಹಿಡದು ಹೋಗ್ವಾಗ ಕೇಳ್ತಾನ: "ಅದಾವೇನವ್ವ?"
"ಅದಾವ."
"ಮುಂದಿನ ವಾರ."

ಹೊಸ ಮೀಟರ್ ಪಕ್ಕದಾಗ ಕೆಂಪು ಕಣ್ಣು ಮಿಟುಕಸ್ತದ.
ಬಿಲ್ಲಿನ ಹುಡುಗ ಈಗ ಬಾಗಂಗಿಲ್ಲ.
"ಶಾಂತಾಬಾಯಿ ಗಂಡ ಲಚ್ಚಪ್ಪ!" ಅಂತ ಒದರಿದ,
ಯಾರನ್ನ ಕರೀಲತ್ತಾನ ಅಂತ ಹೊಳ್ಳಿ ನೋಡಿದೆ.
ತೊಂಬತ್ತೊಂದು ಯೂನಿಟ್, ಬರೋಬ್ಬರಿ.

ಇವತ್ತ ಮುಂಜಾನೆ ಕಾಲಾಗ ಬೂದಿಬಣ್ಣದ್ದೇನೋ ತಂದಾವ.
"ಬೂದಿ ತಂದಾವ" ಅಂದೆ, ಮಷಿನಿಗಿ.
ಯಾವ ಹೂವೋ ತಿಳೀಲಿಲ್ಲ.
ಆಕಿಗಿ ಗೊತ್ತಿರ್ತಿತ್ತು.